ಬೈಜಿಕ ಸಮ್ಮಿಲನ ಯಂತ್ರಗಳಲ್ಲಿ ಲೋಹದ ಕಲ್ಮಶ: ಕಾಲು ಮಿಲಿಗ್ರಾಮಿನ ಲೆಕ್ಕ

ಹಗುರವಾದ ಪರಮಾಣು ಬೀಜಗಳನ್ನು ಒಂದುಗೂಡಿಸಿ ಶಕ್ತಿಯನ್ನು ಪಡೆಯುವ ವಿಧಾನಕ್ಕೆ ಬೈಜಿಕ ಸಮ್ಮಿಲನವೆಂದು ಹೆಸರು. ಸೂರ್ಯನಲ್ಲಿ ಸಹಜವಾಗಿ ನಡೆಯುವ ಈ ಕ್ರಿಯೆಯನ್ನು ಭೂಮಿಯ ಮೇಲೆ ನಿಯಂತ್ರಿತವಾಗಿ ನಡೆಸುವ ಸಲುವಾಗಿ ಫ್ರಾನ್ಸ್ ದೇಶದ ದಕ್ಷಿಣ ಭಾಗದ ಕಡರಾಶ್ ಎಂಬಲ್ಲಿ 'ಇಟರ್' ಎಂಬ ಬೃಹತ್ ಯಂತ್ರವು ನಿರ್ಮಾಣಗೊಳ್ಳುತ್ತಿದೆ. ಯುರೋಪ್ ಒಕ್ಕೂಟ, ಅಮೆರಿಕ, ರಷ್ಯಾ, ಚೀನಾ, ಜಪಾನ್, ದಕ್ಷಿಣ ಕೊರಿಯಾಗಳೊಂದಿಗೆ ಭಾರತವೂ ಇದರ ಪಾಲುದಾರ ರಾಷ್ಟ್ರವಾಗಿದೆ. 2006ರ ನವೆಂಬರ್ 21ರಂದು ಒಪ್ಪಂದಕ್ಕೆ ಸಹಿಯಾಯಿತು. ನಿರ್ಮಾಣ ವೆಚ್ಚದಲ್ಲಿ ಭಾರತದ ಪಾಲು ಸುಮಾರು ಶೇಕಡ 9. ಈ ಪಾಲಿನ ಬಹುಭಾಗವನ್ನು ನಾವು ಹಣದ ರೂಪದಲ್ಲಿ ಕೊಡುವುದಿಲ್ಲ. ನಮ್ಮ ಕಾರ್ಖಾನೆಗಳಲ್ಲಿ ತಯಾರಿಸಿದ ಭಾಗಗಳ ರೂಪದಲ್ಲಿ ಸಲ್ಲಿಸುತ್ತೇವೆ.

ಆದ್ದರಿಂದ ಈ ವಿಷಯವು ವಾಣಿಜ್ಯ ಸಂಸ್ಥೆಯೊಂದರ ಮಾಸಿಕದಲ್ಲಿ ಬರುವುದು ಅಸಂಗತವಲ್ಲ. ಇಟರ್ ಯಂತ್ರದ ಹೊರ ಆವರಣವಾದ ಕ್ರಯೋಸ್ಟ್ಯಾಟ್ ಗುಜರಾತಿನ ಹಜೀರಾದಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯಲ್ಲಿ ತಯಾರಾಯಿತು. ಯಂತ್ರದ ನಿರ್ವಾತ ಪಾತ್ರೆಯ ಎರಡು ಗೋಡೆಗಳ ನಡುವೆ ಜೋಡಿಸುವ ಸುಮಾರು 9,000 ಉಕ್ಕಿನ ರಕ್ಷಾಕವಚ ದಿಮ್ಮಿಗಳ ತಯಾರಿಕೆಯಲ್ಲಿ ನಮ್ಮ ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಸಂಸ್ಥೆಯು ಪಾಲ್ಗೊಂಡಿತು. ಇಂತಹ ಕೆಲಸಗಳ ಉಪಗುತ್ತಿಗೆಯನ್ನು ವಹಿಸಿಕೊಳ್ಳಬಯಸುವ ಸಣ್ಣ ತಯಾರಕರಿಗೆ ಮೊದಲು ಎದುರಾಗುವುದು ಶುಚಿತ್ವ ಮತ್ತು ಲೋಹದ ಶುದ್ಧತೆಯ ಕುರಿತಾದ ಕಟ್ಟುನಿಟ್ಟಿನ ಷರತ್ತುಗಳು. ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರವು ಯಂತ್ರದೊಳಗಿನ ಪ್ಲಾಸ್ಮಾದ ಅಂಚಿನಲ್ಲಿ ಲೋಹದ ಅಣುರೇಣುಗಳು ಹೇಗೆ ಸಂಚರಿಸುತ್ತವೆ ಎಂಬುದರಲ್ಲಿದೆ.

ಭೌತವಿಜ್ಞಾನವು ಈ ಲೇಖಕನ ವೃತ್ತಿಯಲ್ಲ. ಆದರೆ ವಿಷಯವನ್ನು ಬಿಡಿಸಿ ನೋಡಿದಾಗ ಅದು ಮೂಲತಃ ಒಂದು ದಾಸ್ತಾನಿನ ಲೆಕ್ಕವೇ ಆಗಿದೆ: ಎಷ್ಟು ಸರಕು ಹೊರಟಿತು, ಎಷ್ಟು ಹಿಂದಿರುಗಿತು, ಎಷ್ಟು ದಾರಿಯಲ್ಲಿ ತಡೆಯಲ್ಪಟ್ಟಿತು, ಉಗ್ರಾಣದಲ್ಲಿ ಉಳಿದ ಶಿಲ್ಕು ಎಷ್ಟು. ಈ ಕ್ರಮದಲ್ಲಿಯೇ ವಿಷಯವನ್ನು ವಿವರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ಯಂತ್ರದ ಸ್ವರೂಪ

ಇಟರ್ ಮಾದರಿಯ ಯಂತ್ರಕ್ಕೆ ಟೋಕಾಮಾಕ್ ಎಂದು ಹೆಸರು. ಉದ್ದಿನ ವಡೆಯ ಆಕಾರದ ಟೊಳ್ಳಾದ ಉಕ್ಕಿನ ಪಾತ್ರೆಯಿಂದ ಗಾಳಿಯನ್ನೆಲ್ಲ ತೆಗೆದು, ಅತ್ಯಲ್ಪ ಪ್ರಮಾಣದ ಜಲಜನಕದ ಭಾರವಾದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಅನಿಲಗಳನ್ನು ತುಂಬಿ, ಅದನ್ನು ಸುಮಾರು 15 ಕೋಟಿ ಡಿಗ್ರಿಯವರೆಗೆ ಕಾಯಿಸಲಾಗುತ್ತದೆ. ಆ ಶಾಖದಲ್ಲಿ ಪರಮಾಣುಗಳು ಒಡೆದು ಎಲೆಕ್ಟ್ರಾನುಗಳೂ ವಿದ್ಯುದಾವೇಶವುಳ್ಳ ಅಯಾನುಗಳೂ ಬೇರೆಯಾಗುತ್ತವೆ. ಈ ಸ್ಥಿತಿಯೇ ಪ್ಲಾಸ್ಮಾ. ಇಷ್ಟು ಬಿಸಿಯಾದ ವಸ್ತುವನ್ನು ಯಾವ ಪಾತ್ರೆಯೂ ತಡೆಯಲಾರದು. ಆದುದರಿಂದ ಬಲವಾದ ಕಾಂತಕ್ಷೇತ್ರದಿಂದ ಅದನ್ನು ಗೋಡೆಗೆ ತಾಗದಂತೆ ಹಿಡಿದಿಡಲಾಗುತ್ತದೆ. ಅಯಾನುಗಳು ಕಾಂತರೇಖೆಗಳ ಉದ್ದಕ್ಕೂ ಸರಾಗವಾಗಿ ಓಡಬಲ್ಲವು, ಅಡ್ಡಲಾಗಿ ದಾಟುವುದು ಮಾತ್ರ ಬಹಳ ನಿಧಾನ.

ಆದರೆ ಹಿಡಿತವು ಪೂರ್ಣವಲ್ಲ. ಒಳಗಿನ ಪ್ಲಾಸ್ಮಾ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಸೋರುತ್ತದೆ. ಮುಚ್ಚಿದ ಕಾಂತರೇಖೆಗಳ ಗಡಿಯನ್ನು ದಾಟಿ ಬಂದ ಪ್ಲಾಸ್ಮಾ, ಕೆಲವೇ ಮಿಲಿಮೀಟರು ದಪ್ಪದ ತೆಳುವಾದ ಅಂಚಿನ ಪದರದಲ್ಲಿ ಹರಿದು, ಪಾತ್ರೆಯ ತಳದಲ್ಲಿರುವ ಡೈವರ್ಟರ್ ಎಂಬ ಭಾಗಕ್ಕೆ ಬಂದು ಬೀಳುತ್ತದೆ. ಡೈವರ್ಟರ್ ಎಂದರೆ ಯಂತ್ರದ ಬೂದಿಗುಂಡಿ ಇದ್ದಂತೆ. ಶಾಖವೂ ಸಮ್ಮಿಲನದಿಂದ ಉಂಟಾದ ಹೀಲಿಯಂ ಎಂಬ ಬೂದಿಯೂ ಇಲ್ಲಿಂದಲೇ ಹೊರಹೋಗಬೇಕು. ಇಟರ್‌ನ ಡೈವರ್ಟರ್ 54 ಭಾಗಗಳಿಂದ ಕೂಡಿದ್ದು, ಅದರ ಮುಖಭಾಗವು ಒಂದು ಚದರ ಮೀಟರಿಗೆ 10 ಮೆಗಾವ್ಯಾಟ್, ಸ್ವಲ್ಪ ಹೊತ್ತಿನ ಮಟ್ಟಿಗೆ 20 ಮೆಗಾವ್ಯಾಟ್ ಶಾಖವನ್ನು ತಾಳಿಕೊಳ್ಳಬೇಕಾಗಿದೆ. ಇದನ್ನು ತಡೆಯಬಲ್ಲ ಲೋಹವೆಂದರೆ ಟಂಗ್‌ಸ್ಟನ್. ಬಲ್ಬಿನ ತಂತಿಯಾಗಿ ನಾವೆಲ್ಲರೂ ಕಂಡಿರುವ ಈ ಲೋಹವು ಕರಗುವುದು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಲ್ಲ ಲೋಹಗಳಿಗಿಂತ ಇದರದೇ ಹೆಚ್ಚು.

ಹಾನಿ ಎಲ್ಲಿದೆ?

ಗೋಡೆಯಿಂದ ಎದ್ದ ಪರಮಾಣು ಪ್ಲಾಸ್ಮಾದ ನಡುಭಾಗವನ್ನು ಸೇರಿದರೆ ಏನಾಗುತ್ತದೆ ಎಂಬುದು ಅದರ ತೂಕವನ್ನು ಅವಲಂಬಿಸಿದೆ. ಇಂಗಾಲದಲ್ಲಿ ಇರುವುದು 6 ಎಲೆಕ್ಟ್ರಾನುಗಳು, ಬೆರಿಲಿಯಂನಲ್ಲಿ 4. ನಡುಭಾಗದ ಶಾಖದಲ್ಲಿ ಇವೆಲ್ಲವೂ ಕಳಚಿಹೋಗುವುದರಿಂದ ಬರಿದಾದ ಬೀಜವು ಹೆಚ್ಚು ಬೆಳಕನ್ನು ಸೂಸಲಾರದು. ಆದರೆ ಟಂಗ್‌ಸ್ಟನ್ ಪರಮಾಣುವಿನಲ್ಲಿ 74 ಎಲೆಕ್ಟ್ರಾನುಗಳಿವೆ. 15 ಕೋಟಿ ಡಿಗ್ರಿಯಲ್ಲಿಯೂ ಅವೆಲ್ಲವೂ ಕಳಚುವುದಿಲ್ಲ. ಉಳಿದ ಎಲೆಕ್ಟ್ರಾನುಗಳು ಪ್ಲಾಸ್ಮಾದ ಶಾಖವನ್ನು ಹೀರಿ ಹೀರಿ ಕಿರಣಗಳ ರೂಪದಲ್ಲಿ ಹೊರಚೆಲ್ಲುತ್ತಲೇ ಇರುತ್ತವೆ. ಒಲೆಯ ನಡುವೆಯೇ ಕಿಟಕಿ ತೆರೆದಂತೆ ಆಗಿ, ಒಳಭಾಗವು ತಣ್ಣಗಾಗಿ, ಸಮ್ಮಿಲನವೇ ನಿಂತುಹೋಗಬಹುದು.

ಎಷ್ಟು ಟಂಗ್‌ಸ್ಟನ್ ಸಹ್ಯ? ಎಲೆಕ್ಟ್ರಾನುಗಳ ಸಂಖ್ಯೆಗೆ ಹೋಲಿಸಿದಲ್ಲಿ ಒಂದು ಲಕ್ಷಕ್ಕೆ ಒಂದರಿಂದ ಕೆಲವು ಪರಮಾಣುಗಳು ಮಾತ್ರ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಿತಿ. ಇದನ್ನು ತೂಕಕ್ಕೆ ಇಳಿಸಿ ನೋಡೋಣ. ಇಟರ್ ಪ್ಲಾಸ್ಮಾದ ಗಾತ್ರ ಸುಮಾರು 830 ಘನ ಮೀಟರ್. ಒಂದು ಘನ ಮೀಟರಿನಲ್ಲಿ ಇರುವ ಎಲೆಕ್ಟ್ರಾನುಗಳು ಸ್ಥೂಲವಾಗಿ 1ರ ಮುಂದೆ 20 ಸೊನ್ನೆಗಳಷ್ಟು. ಇವೆರಡನ್ನೂ ಗುಣಿಸಿ, ಲಕ್ಷದಿಂದ ಭಾಗಿಸಿ, ಟಂಗ್‌ಸ್ಟನ್‌ನ ಪರಮಾಣು ತೂಕವಾದ 184ರಿಂದ ಲೆಕ್ಕ ಹಾಕಿದರೆ ಬರುವುದು ಸುಮಾರು ಕಾಲು ಮಿಲಿಗ್ರಾಂ. ಅಕ್ಕಿಯ ಕಾಳೊಂದರ ತೂಕವೇ ಸುಮಾರು 20 ಮಿಲಿಗ್ರಾಂ ಇರುವಾಗ, ಅದರಲ್ಲಿ ಎಂಬತ್ತರ ಒಂದು ಪಾಲು! ಡೈವರ್ಟರಿನಲ್ಲಿ ಟನ್ನುಗಟ್ಟಲೆ ಟಂಗ್‌ಸ್ಟನ್ ಕುಳಿತಿರುವಾಗ, ನಡುಭಾಗದ ಶಿಲ್ಕು ಈ ಪ್ರಮಾಣವನ್ನು ಹೆಚ್ಚಾಗಿ ಮೀರಬಾರದು. ಪಣಕ್ಕೆ ಇಟ್ಟಿರುವುದು ಇದನ್ನೇ.

ಈ ಹಾನಿಯು ಕೇವಲ ಊಹೆಯಲ್ಲ. 1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನ ಪಿ.ಎಲ್.ಟಿ. ಯಂತ್ರದಲ್ಲಿ ಪ್ಲಾಸ್ಮಾದ ಅಂಚನ್ನು ಗೊತ್ತುಮಾಡಲು ಟಂಗ್‌ಸ್ಟನ್ ತುಂಡುಗಳನ್ನು ಬಳಸಿದಾಗ, ನಡುಭಾಗವು ಅಂಚಿಗಿಂತಲೂ ತಣ್ಣಗಾದ ಪ್ಲಾಸ್ಮಾ ಕಂಡುಬಂದಿತು. ಟಂಗ್‌ಸ್ಟನ್ ತೆಗೆದು ಇಂಗಾಲವನ್ನು ಬಳಸಿದ ಮೇಲೆ, 1978ರಲ್ಲಿ, ಅದೇ ಯಂತ್ರವು ಸುಮಾರು 6 ಕೋಟಿ ಡಿಗ್ರಿಯನ್ನು ಮುಟ್ಟಿತು.

ಮೊದಲನೆಯ ಲೆಕ್ಕ: ಸರಕು ಹೊರಡುವುದು

ಲೋಹವು ಕರಗದೆ, ಆವಿಯಾಗದೆ ಇದ್ದರೂ ಪರಮಾಣುಗಳು ಏಳುತ್ತವೆ. ವೇಗವಾಗಿ ಬಂದ ಅಯಾನು ಗೋಡೆಯ ಮೇಲಿನ ಪರಮಾಣುವನ್ನು ಕೇರಂ ಆಟದ ಕಾಯಿಯಂತೆ ಹೊಡೆದು ಎಬ್ಬಿಸುತ್ತದೆ. ಹಗುರವಾದ ಡ್ಯೂಟೀರಿಯಂ ಅಯಾನುವು ಭಾರವಾದ ಟಂಗ್‌ಸ್ಟನ್ನನ್ನು ಎಬ್ಬಿಸಬೇಕಾದರೆ ಅದರ ಶಕ್ತಿ ಸುಮಾರು 200 ಎಲೆಕ್ಟ್ರಾನ್ ವೋಲ್ಟ್ ಅಥವಾ ಹೆಚ್ಚು ಇರಬೇಕು. ಒಂದು ಎಲೆಕ್ಟ್ರಾನ್ ವೋಲ್ಟ್ ಎಂದರೆ ಸುಮಾರು 11,600 ಡಿಗ್ರಿ ಶಾಖಕ್ಕೆ ಸಮ. ಡೈವರ್ಟರಿನ ಮುಂದೆ ಪ್ಲಾಸ್ಮಾವನ್ನು 5 ಎಲೆಕ್ಟ್ರಾನ್ ವೋಲ್ಟ್‌ಗೆ, ಅಂದರೆ 58,000 ಡಿಗ್ರಿಗೆ ಇಳಿಸಿದಲ್ಲಿ ಡ್ಯೂಟೀರಿಯಂ ಅಯಾನು ಗೋಡೆಗೆ ಬಡಿಯುವ ಶಕ್ತಿ ಸುಮಾರು 25 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಅದರಿಂದ ಟಂಗ್‌ಸ್ಟನ್ ಏಳದು.

ಹಾಗಾದರೆ ಎಬ್ಬಿಸುವವರು ಯಾರು? ಮುಖ್ಯವಾಗಿ ಇತರ ಕಲ್ಮಶಗಳು. ನಿಯಾನ್, ಸಾರಜನಕ, ಆಮ್ಲಜನಕ, ಇಂಗಾಲ ಮುಂತಾದವುಗಳ ಅಯಾನುಗಳು ಹೆಚ್ಚು ಭಾರವಾದವು. ಅವುಗಳ ಆವೇಶವೂ ಹೆಚ್ಚಾದುದರಿಂದ ಗೋಡೆಯ ಹತ್ತಿರದ ವಿದ್ಯುತ್ ಸೆಳೆತಕ್ಕೆ ಸಿಕ್ಕಿ ಹೆಚ್ಚು ವೇಗವಾಗಿ ಬಡಿಯುತ್ತವೆ. ಹೊಡೆದೆಬ್ಬಿಸಲು ಅವುಗಳಿಗೆ ಬೇಕಾಗುವ ಕನಿಷ್ಠ ಶಕ್ತಿಯೂ ಡ್ಯೂಟೀರಿಯಂಗೆ ಬೇಕಾದುದಕ್ಕಿಂತ ಬಹಳ ಕಡಿಮೆ. ಹೀಗೆ ಒಂದು ಕಲ್ಮಶವು ಇನ್ನೊಂದಕ್ಕೆ ದಾರಿಮಾಡಿಕೊಡುತ್ತದೆ. ಗೋಡೆಯಲ್ಲಿ ಉಳಿದ ತೇವಾಂಶ, ಎಣ್ಣೆಯ ಪಸೆ, ಬೆರಳಿನ ಗುರುತು ಇವು ಆಮ್ಲಜನಕ ಮತ್ತು ಇಂಗಾಲದ ಮೂಲಗಳಾಗುವುದರಿಂದ, ತಯಾರಕನ ಕಾರ್ಯಾಗಾರದ ಶುಚಿತ್ವವು ಈ ಲೆಕ್ಕದೊಳಗೆ ಪ್ರವೇಶಿಸುವುದು ಇಲ್ಲಿಯೇ.

ಇದಲ್ಲದೆ, ಆವೇಶವನ್ನು ಕಳೆದುಕೊಂಡು ತಟಸ್ಥವಾದ ವೇಗದ ಪರಮಾಣುಗಳು ಕಾಂತಕ್ಷೇತ್ರದ ಹಿಡಿತಕ್ಕೆ ಸಿಕ್ಕದೆ ನೇರವಾಗಿ ಪಕ್ಕದ ಗೋಡೆಗೆ ಬಡಿಯುತ್ತವೆ. ಪ್ಲಾಸ್ಮಾವನ್ನು ಕಾಯಿಸುವ ಕೆಲವು ರೇಡಿಯೋ ತರಂಗದ ಆಂಟೆನಾಗಳ ಸುತ್ತ ವಿದ್ಯುತ್ ಸೆಳೆತವು ಹೆಚ್ಚಾಗಿ, ಅಲ್ಲಿಯ ಲೋಹವೂ ಸವೆಯುತ್ತದೆ. ಟಂಗ್‌ಸ್ಟನ್ ಅಷ್ಟೇ ಅಲ್ಲದೆ ಕಬ್ಬಿಣ, ನಿಕ್ಕಲ್, ತಾಮ್ರಗಳೂ ಈ ಮಾರ್ಗವಾಗಿ ಪ್ಲಾಸ್ಮಾವನ್ನು ಸೇರಬಹುದು.

ಎರಡನೆಯ ಲೆಕ್ಕ: ಒಡನೆಯೇ ಹಿಂದಿರುಗುವುದು

ಎದ್ದ ಟಂಗ್‌ಸ್ಟನ್ ಪರಮಾಣುವಿಗೆ ಮೊದಲು ಆವೇಶವಿರುವುದಿಲ್ಲ. ಆದುದರಿಂದ ಅದು ನೇರವಾಗಿ ಹಾರುತ್ತದೆ. ಸ್ವಲ್ಪ ದೂರದಲ್ಲಿಯೇ ಪ್ಲಾಸ್ಮಾದ ಎಲೆಕ್ಟ್ರಾನು ತಾಗಿ ಅದು ಅಯಾನುವಾಗುತ್ತದೆ. ಅಯಾನುವಾದ ಕ್ಷಣದಿಂದ ಕಾಂತಕ್ಷೇತ್ರವು ಅದನ್ನು ವೃತ್ತಾಕಾರವಾಗಿ ಸುತ್ತಿಸುತ್ತದೆ. ಟಂಗ್‌ಸ್ಟನ್ ಭಾರವಾದುದರಿಂದ ಈ ವೃತ್ತವು ದೊಡ್ಡದು. ಅದು ಅಯಾನುವಾಗುವ ಸ್ಥಳವೋ ಗೋಡೆಗೆ ಬಹಳ ಸಮೀಪ. ಪರಿಣಾಮವಾಗಿ ಮೊದಲ ಸುತ್ತು ಮುಗಿಯುವ ಮುನ್ನವೇ ಅದು ಎದ್ದ ಗೋಡೆಗೇ ಬಂದು ಬಡಿದು ಅಂಟಿಕೊಳ್ಳುತ್ತದೆ. ಸಾಂದ್ರವಾದ ಪ್ಲಾಸ್ಮಾವಿರುವ ಡೈವರ್ಟರಿನಲ್ಲಿ ಎದ್ದವುಗಳ ಪೈಕಿ ಶೇಕಡ 90ಕ್ಕಿಂತಲೂ ಹೆಚ್ಚು ಭಾಗ ಹೀಗೆ ಹಿಂದಿರುಗಬಲ್ಲದು. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ವಾಪಸಾದ ಸರಕು.

ಟಂಗ್‌ಸ್ಟನ್ನಿನ ಭಾರವು ನಡುಭಾಗದಲ್ಲಿ ಶಾಪವಾದರೆ ಅಂಚಿನಲ್ಲಿ ವರವಾಗಿದೆ.

ಮೂರನೆಯ ಲೆಕ್ಕ: ಕಾಂತರೇಖೆಯ ಉದ್ದಕ್ಕೂ ಸಂಚಾರ

ಹಿಂದಿರುಗದೆ ಉಳಿದ ಅಯಾನುಗಳು ಅಂಚಿನ ಪದರದಲ್ಲಿ ಕಾಂತರೇಖೆಗಳ ಉದ್ದಕ್ಕೂ ಚಲಿಸುತ್ತವೆ. ಇಲ್ಲಿ ಅವುಗಳ ಮೇಲೆ ಎರಡು ಪ್ರಮುಖ ಬಲಗಳು ಪರಸ್ಪರ ವಿರುದ್ಧವಾಗಿ ವರ್ತಿಸುತ್ತವೆ.

ಮೊದಲನೆಯದು ಘರ್ಷಣೆಯ ಬಲ. ಇಂಧನದ ಪ್ಲಾಸ್ಮಾ ಡೈವರ್ಟರಿನ ಕಡೆಗೆ ಹೊಳೆಯಂತೆ ಹರಿಯುತ್ತಿರುತ್ತದೆ. ಆ ಹರಿವು ಕಲ್ಮಶದ ಅಯಾನುಗಳನ್ನು ತನ್ನೊಂದಿಗೆ ಕೊಚ್ಚಿಕೊಂಡು ಡೈವರ್ಟರಿಗೇ ತಂದು ಹಾಕುತ್ತದೆ. ಇದು ನಮಗೆ ಅನುಕೂಲವಾದುದು.

ಎರಡನೆಯದು ಶಾಖದ ಏರಿಳಿತದಿಂದ ಹುಟ್ಟುವ ಬಲ. ಅಂಚಿನ ಪದರದ ಮೇಲ್ಭಾಗದಲ್ಲಿ ಶಾಖವು ಹತ್ತು ಲಕ್ಷ ಡಿಗ್ರಿಯ ಆಸುಪಾಸಿನಲ್ಲಿದ್ದು, ಡೈವರ್ಟರಿನ ಬಳಿ ಕೆಲವು ಹತ್ತು ಸಾವಿರ ಡಿಗ್ರಿಗೆ ಇಳಿಯುತ್ತದೆ. ಬಿಸಿಯಾದ ಕಡೆಯಿಂದ ಬರುವ ಅಯಾನುಗಳು ಅತಿವೇಗದಿಂದ ಹಾದುಹೋಗುವುದರಿಂದ ಕಲ್ಮಶವನ್ನು ತಳ್ಳಲು ಅವುಗಳಿಗೆ ಸಮಯ ಸಾಲದು. ತಂಪಾದ ಕಡೆಯಿಂದ ಬರುವವು ನಿಧಾನವಾಗಿ ಬರುವುದರಿಂದ ಹೆಚ್ಚು ತಳ್ಳುತ್ತವೆ. ಒಟ್ಟಿನ ಪರಿಣಾಮವಾಗಿ ಕಲ್ಮಶವು ತಂಪಿನಿಂದ ಬಿಸಿಯ ಕಡೆಗೆ, ಎಂದರೆ ಡೈವರ್ಟರಿನಿಂದ ಮೇಲಕ್ಕೆ, ಸರಿಯುತ್ತದೆ. ಇದು ನಮಗೆ ಪ್ರತಿಕೂಲವಾದುದು.

ಈ ಎರಡೂ ಬಲಗಳು ಅಯಾನುವಿನ ಆವೇಶದ ವರ್ಗಕ್ಕೆ ಅನುಗುಣವಾಗಿಯೇ ಹೆಚ್ಚುವುದರಿಂದ ಆವೇಶವು ಫಲಿತಾಂಶವನ್ನು ನಿರ್ಧರಿಸುವುದಿಲ್ಲ. ಇಂಧನದ ಹರಿವು ಎಷ್ಟು ವೇಗವಾಗಿದೆ, ಶಾಖದ ಇಳಿಜಾರು ಎಷ್ಟು ಕಡಿದಾಗಿದೆ ಎಂಬುದೇ ನಿರ್ಧರಿಸುತ್ತದೆ. ಹರಿವು ಮೇಲುಗೈಯಾದರೆ ಕಲ್ಮಶವು ಡೈವರ್ಟರಿನಲ್ಲಿ ಬಂಧಿ; ಇಳಿಜಾರು ಮೇಲುಗೈಯಾದರೆ ಸೋರಿಕೆ. ಯಂತ್ರ ನಡೆಸುವವರು ಅಂಚಿನಲ್ಲಿ ಹೆಚ್ಚು ಅನಿಲವನ್ನು ಬಿಡುವುದು ಹರಿವನ್ನು ಬಲಪಡಿಸಲು ಮತ್ತು ಡೈವರ್ಟರಿನ ಶಾಖವನ್ನು ತಗ್ಗಿಸಲು. ನಿಯಾನ್ ಅಥವಾ ಸಾರಜನಕವನ್ನು ಬೇಕೆಂದೇ ಅಲ್ಪ ಪ್ರಮಾಣದಲ್ಲಿ ಸೇರಿಸಿ, ಅಂಚಿನಲ್ಲಿಯೇ ಶಾಖವನ್ನು ಬೆಳಕಾಗಿ ಚೆಲ್ಲುವಂತೆ ಮಾಡುವ ಕ್ರಮವೂ ಉಂಟು. ಆದರೆ ಆ ಅನಿಲವೇ ಟಂಗ್‌ಸ್ಟನ್ನನ್ನು ಎಬ್ಬಿಸಬಲ್ಲದಾದುದರಿಂದ ಪ್ರಮಾಣವು ತಪ್ಪಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ನಾಲ್ಕನೆಯ ಲೆಕ್ಕ: ಗಡಿ ದಾಟುವುದು

ಡೈವರ್ಟರಿನಿಂದ ಸೋರಿದ ಅಯಾನುವು ಕಾಂತರೇಖೆಗಳನ್ನು ಅಡ್ಡಲಾಗಿ ದಾಟಿ ಒಳಗೆ ಬರಬೇಕು. ಅಂಚಿನ ಪದರದಲ್ಲಿ ಈ ಕೆಲಸವನ್ನು ಪ್ಲಾಸ್ಮಾದ ಸುಳಿಗಳೂ ಪ್ರಕ್ಷುಬ್ಧತೆಯೂ ಮಾಡುತ್ತವೆ. ಗಡಿಯ ಒಳಬದಿಯಲ್ಲಿ ಕೆಲವು ಸೆಂಟಿಮೀಟರು ದಪ್ಪದ ಒಂದು ವಲಯದಲ್ಲಿ ಪ್ಲಾಸ್ಮಾದ ಸಾಂದ್ರತೆಯೂ ಶಾಖವೂ ಕಡಿದಾಗಿ ಏರುತ್ತವೆ. ಇದು ಊರಿನ ಸುಂಕದ ಕಟ್ಟೆ ಇದ್ದಂತೆ. ಇಲ್ಲಿ ಸಾಂದ್ರತೆಯ ಏರಿಕೆಯು ಭಾರವಾದ ಅಯಾನುಗಳನ್ನು ಒಳಕ್ಕೆ ಎಳೆಯುತ್ತದೆ. ಶಾಖದ ಏರಿಕೆಯು ಹೊರಕ್ಕೆ ತಳ್ಳುತ್ತದೆ. ಈಗಿರುವ ಬಹುತೇಕ ಯಂತ್ರಗಳಲ್ಲಿ ಒಳಸೆಳೆತವೇ ಹೆಚ್ಚು. ಇಟರ್‌ನಲ್ಲಿ ಸಾಂದ್ರತೆಯ ಏರಿಕೆ ಮಂದವಾಗಿಯೂ ಶಾಖದ ಏರಿಕೆ ಕಡಿದಾಗಿಯೂ ಇರುವುದೆಂಬ ನಿರೀಕ್ಷೆಯಿಂದ, ಅಲ್ಲಿ ಹೊರತಳ್ಳುವಿಕೆಯೇ ಮೇಲಾಗುವುದೆಂದು ಲೆಕ್ಕ ಹಾಕಲಾಗಿದೆ. ಇಂಗ್ಲೆಂಡಿನ ಜೆಟ್ ಯಂತ್ರದ ಕೊನೆಯ ವರ್ಷಗಳ ಪ್ರಯೋಗಗಳಲ್ಲಿ ಈ ಹೊರತಳ್ಳುವಿಕೆಯ ಲಕ್ಷಣಗಳು ಕಂಡುಬಂದವು.

ಈ ವಲಯವು ಆಗಾಗ್ಗೆ ಸಿಡಿಯುವುದೂ ಉಂಟು. ಪ್ರತಿ ಸಿಡಿತದಲ್ಲಿಯೂ ಬಿಸಿಯಾದ ಪ್ಲಾಸ್ಮಾ ಹೊರಬಿದ್ದು ಡೈವರ್ಟರಿಗೆ ಬಡಿದು ಹೊಸ ಟಂಗ್‌ಸ್ಟನ್ನನ್ನು ಎಬ್ಬಿಸುತ್ತದೆ. ಅದೇ ಸಿಡಿತವು ಒಳಗೆ ಸೇರಿದ ಟಂಗ್‌ಸ್ಟನ್ನನ್ನೂ ಹೊರಗೆ ತೊಳೆದುಹಾಕುತ್ತದೆ. ಸಿಡಿತಗಳನ್ನು ಪೂರ್ಣವಾಗಿ ನಿಲ್ಲಿಸಿದರೆ ಕಲ್ಮಶವನ್ನು ತೊಳೆಯಲು ಬೇರೆ ಉಪಾಯ ಬೇಕಾಗುತ್ತದೆ.

ಕಟ್ಟೆಯನ್ನು ದಾಟಿದ ಟಂಗ್‌ಸ್ಟನ್ ನಡುಭಾಗದಲ್ಲಿ ಕೂಡಿಕೊಳ್ಳುವ ಪ್ರವೃತ್ತಿಯುಳ್ಳದ್ದು. ನಡುಭಾಗವನ್ನೇ ಗುರಿಯಾಗಿಸಿ ರೇಡಿಯೋ ತರಂಗ ಅಥವಾ ಸೂಕ್ಷ್ಮ ತರಂಗಗಳಿಂದ ಕಾಯಿಸಿದಾಗ ಈ ಶೇಖರಣೆಯು ಚದುರುತ್ತದೆಂಬುದು ಹಲವು ಯಂತ್ರಗಳಲ್ಲಿ ಸಾಬೀತಾಗಿದೆ.

ನಾಲ್ಕೂ ಲೆಕ್ಕಗಳನ್ನು ಕೂಡಿಸಿದಾಗ

ಈಗ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಮಾತ್ರ. ಯಾವ ಯಂತ್ರದ ಅಳತೆಯೂ ಅಲ್ಲ.

ಗೋಡೆಯಿಂದ 1,00,000 ಪರಮಾಣುಗಳು ಎದ್ದವು ಎನ್ನೋಣ. ಶೇಕಡ 95ರಷ್ಟು ಒಡನೆಯೇ ಹಿಂದಿರುಗಿದರೆ ಉಳಿದದ್ದು 5,000. ಇವುಗಳಲ್ಲಿ ಶೇಕಡ 95ರಷ್ಟನ್ನು ಹರಿವು ಡೈವರ್ಟರಿನಲ್ಲಿಯೇ ತಡೆದರೆ ಹೊರಬಂದದ್ದು 250. ಇವುಗಳ ಪೈಕಿ ಶೇಕಡ 20 ಗಡಿ ದಾಟಿದರೆ ಒಳಗೆ ಸೇರಿದ್ದು 50.

ಈಗ ಮೊದಲ ಎರಡು ಹಂತಗಳಲ್ಲಿ ಶೇಕಡ 95ರ ಬದಲು 90 ಎಂದು ಇಟ್ಟು ನೋಡೋಣ. ಉಳಿದದ್ದು 10,000; ಹೊರಬಂದದ್ದು 1,000; ಒಳಗೆ ಸೇರಿದ್ದು 200. ತಡೆಯ ಸಾಮರ್ಥ್ಯವು ಎರಡು ಕಡೆ ಕೇವಲ 5 ಅಂಶಗಳಷ್ಟು ತಗ್ಗಿದಾಗ ಅಂತಿಮ ಶಿಲ್ಕು ನಾಲ್ಕು ಪಟ್ಟಾಯಿತು! ಸೋರಿಕೆಯ ಲೆಕ್ಕದಲ್ಲಿ ಗಮನಿಸಬೇಕಾದುದು ತಡೆಯಲ್ಪಟ್ಟ 95 ಅಲ್ಲ, ತಪ್ಪಿಸಿಕೊಂಡ 5. ಸಾಲ ವಸೂಲಿಯ ಪಟ್ಟಿಯನ್ನು ನೋಡುವ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಸೇರಿದ ಪರಮಾಣು ಎಷ್ಟು ಕಾಲ ಅಲ್ಲಿ ಉಳಿಯುತ್ತದೆ ಎಂಬುದೂ ಮುಖ್ಯ. ಒಳಹರಿವು ಅಲ್ಪವಾಗಿದ್ದರೂ ಹೊರಹೋಗುವ ದಾರಿ ಇಲ್ಲದಿದ್ದರೆ ಶಿಲ್ಕು ಬೆಳೆಯುತ್ತಲೇ ಹೋಗುವುದು. ನಾಲ್ಕು ಹಂತಗಳಲ್ಲಿ ಯಾವುದನ್ನೂ ಒಂಟಿಯಾಗಿ ನಂಬುವಂತಿಲ್ಲ.

ಅನುಭವ ಮತ್ತು ನಿರ್ಧಾರ

ಪಿ.ಎಲ್.ಟಿ. ಅನುಭವದ ನಂತರ ಬಹುಕಾಲ ಇಂಗಾಲವೇ ಗೋಡೆಯ ಮುಖ್ಯ ವಸ್ತುವಾಗಿತ್ತು. ಆದರೆ ಇಂಗಾಲವು ರಾಸಾಯನಿಕವಾಗಿ ಸವೆದು, ಮತ್ತೆ ಪದರವಾಗಿ ಕೂಡುವಾಗ ಟ್ರಿಟಿಯಂ ಅನಿಲವನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಟ್ರಿಟಿಯಂ ವಿಕಿರಣಶೀಲವೂ ಅತ್ಯಂತ ದುಬಾರಿಯೂ ಆದ ಇಂಧನ. ಅದು ಗೋಡೆಯಲ್ಲಿ ಸಿಕ್ಕಿಬೀಳುವಂತಿಲ್ಲ. ಆದುದರಿಂದ ವಿಜ್ಞಾನಿಗಳು ಪುನಃ ಲೋಹದ ಕಡೆಗೆ ತಿರುಗಿದರು. ಜರ್ಮನಿಯ ಗಾರ್ಚಿಂಗ್‌ನ ಆಸ್ಡೆಕ್ಸ್ ಅಪ್‌ಗ್ರೇಡ್ ಯಂತ್ರವು ಹಂತಹಂತವಾಗಿ ಗೋಡೆಯನ್ನು ಬದಲಾಯಿಸಿ 2007ರ ವೇಳೆಗೆ ಪೂರ್ಣವಾಗಿ ಟಂಗ್‌ಸ್ಟನ್ ಗೋಡೆಯನ್ನು ಹೊಂದಿತು.

ಜೆಟ್ ಯಂತ್ರವು 2011ರಲ್ಲಿ ಬೆರಿಲಿಯಂ ಗೋಡೆ ಮತ್ತು ಟಂಗ್‌ಸ್ಟನ್ ಡೈವರ್ಟರಿನೊಂದಿಗೆ ಪುನರಾರಂಭವಾಯಿತು. ಗೋಡೆಯಲ್ಲಿ ಉಳಿಯುವ ಇಂಧನದ ಪ್ರಮಾಣವು ಹತ್ತು ಪಟ್ಟಿಗಿಂತ ಹೆಚ್ಚು ತಗ್ಗಿತು. ಆದರೆ ಟಂಗ್‌ಸ್ಟನ್ ಶೇಖರಣೆಯನ್ನು ಹತೋಟಿಗೆ ತರಲು ಹೆಚ್ಚು ಅನಿಲ ಬಿಡುವುದು, ನಡುಭಾಗವನ್ನು ಕಾಯಿಸುವುದು ಮುಂತಾದ ಕ್ರಮಗಳನ್ನು ಕಲಿಯಬೇಕಾಯಿತು. ಅದೇ ಯಂತ್ರವು 2023ರ ಅಕ್ಟೋಬರಿನಲ್ಲಿ 69 ಮೆಗಾಜೂಲ್ ಶಕ್ತಿಯ ದಾಖಲೆಯನ್ನು ಸ್ಥಾಪಿಸಿ, ಆ ವರ್ಷದ ಡಿಸೆಂಬರಿನಲ್ಲಿ ತನ್ನ ಪ್ರಯೋಗಗಳನ್ನು ಮುಗಿಸಿತು. ಕಡರಾಶ್‌ನಲ್ಲಿಯೇ ಇರುವ, ಟಂಗ್‌ಸ್ಟನ್ ಬಳಸುವ ಫ್ರಾನ್ಸಿನ ವೆಸ್ಟ್ ಯಂತ್ರವು 2025ರ ಫೆಬ್ರವರಿ 12ರಂದು 1,337 ಸೆಕೆಂಡುಗಳ ಕಾಲ ಪ್ಲಾಸ್ಮಾವನ್ನು ಉಳಿಸಿಕೊಂಡಿತು.

ಇಟರ್ ಸಂಸ್ಥೆಯು 2013ರಲ್ಲಿಯೇ ಆರಂಭದಿಂದ ಟಂಗ್‌ಸ್ಟನ್ ಡೈವರ್ಟರನ್ನು ಬಳಸಲು ನಿರ್ಧರಿಸಿತು. ಮುಖ್ಯ ಗೋಡೆಗೆ ಮಾತ್ರ ಬೆರಿಲಿಯಂ ಎಂದು ಯೋಜಿಸಲಾಗಿತ್ತು. 2023ರಲ್ಲಿ ಅದನ್ನೂ ಬದಲಾಯಿಸಿ ಟಂಗ್‌ಸ್ಟನ್ ಮಾಡುವ ಪ್ರಸ್ತಾಪ ಬಂದಿತು. 2024ರಲ್ಲಿ ಪ್ರಕಟವಾದ ಹೊಸ ಯೋಜನೆಯಲ್ಲಿ ಇದು ಸೇರಿದೆ. ಬೆರಿಲಿಯಂ ವಿಷಕಾರಿಯಾದುದು, ಬೇಗನೆ ಸವೆಯುವಂತಹುದು. ಈ ದೃಷ್ಟಿಯಿಂದ ಬದಲಾವಣೆ ಯುಕ್ತವಾದುದೇ. ಆದರೆ ಮುಖ್ಯ ಗೋಡೆಯು ಪ್ಲಾಸ್ಮಾದ ನಡುಭಾಗಕ್ಕೆ ಡೈವರ್ಟರಿಗಿಂತ ಸಮೀಪ. ಅಲ್ಲಿಂದ ಎದ್ದ ಪರಮಾಣುವಿಗೆ ನಮ್ಮ ಮೂರನೆಯ ಲೆಕ್ಕದ ತಡೆಯು ಅಷ್ಟಾಗಿ ಅನ್ವಯಿಸುವುದಿಲ್ಲ. ಅದು ನೇರವಾಗಿ ಸುಂಕದ ಕಟ್ಟೆಯ ಮುಂದೆಯೇ ಬಂದು ನಿಲ್ಲುತ್ತದೆ. ಈ ಅಪಾಯವನ್ನು ಎದುರಿಸಲೆಂದು ಸೂಕ್ಷ್ಮ ತರಂಗದ ಶಾಖವನ್ನು ಹೆಚ್ಚಿಸುವುದು ಮತ್ತು ಗೋಡೆಗೆ ಬೋರಾನ್ ಲೇಪನ ಮಾಡಿ ಆಮ್ಲಜನಕವನ್ನು ಹಿಡಿದಿಡುವುದು ಹೊಸ ಯೋಜನೆಯ ಅಂಗಗಳಾಗಿವೆ. ಆ ಯೋಜನೆಯ ಪ್ರಕಾರ ಸಂಶೋಧನಾ ಕಾರ್ಯವು 2034ರಲ್ಲಿಯೂ ಡ್ಯೂಟೀರಿಯಂ–ಟ್ರಿಟಿಯಂ ಪ್ರಯೋಗಗಳು 2039ರಲ್ಲಿಯೂ ಆರಂಭವಾಗಬೇಕಾಗಿದೆ. ಹೆಚ್ಚುವರಿ ವೆಚ್ಚವನ್ನು ಸುಮಾರು 500 ಕೋಟಿ ಯೂರೋ ಎಂದು ಅಂದಾಜಿಸಲಾಗಿತ್ತು. ಈ ಎಲ್ಲ ವೆಚ್ಚದ ಸಾರ್ಥಕತೆಯು ಮೇಲೆ ಹೇಳಿದ ಕಾಲು ಮಿಲಿಗ್ರಾಮಿನ ಹತೋಟಿಯನ್ನೂ ಅವಲಂಬಿಸಿದೆ.

ತಯಾರಕರು ಗಮನಿಸಬೇಕಾದ ಅಂಶಗಳು

1. ತಮ್ಮ ಭಾಗವು ಯಾವ ವಲಯಕ್ಕೆ ಸೇರಿದ್ದು ಎಂಬುದನ್ನು ಮೊದಲು ತಿಳಿಯಬೇಕು. ಪ್ಲಾಸ್ಮಾಕ್ಕೆ ಮುಖಮಾಡಿರುವ ಭಾಗ, ಪ್ಲಾಸ್ಮಾ ಇರುವ ನಿರ್ವಾತದೊಳಗಿನ ಭಾಗ, ಅದರ ಹೊರಗಿನ ಭಾಗ ಎಂದು ಸ್ಥೂಲವಾಗಿ ಮೂರು ವಿಂಗಡಣೆ. ಬೆಂಗಳೂರಿನಲ್ಲಿ ತಯಾರಾದ ರಕ್ಷಾಕವಚ ದಿಮ್ಮಿಗಳು ಎರಡು ಗೋಡೆಗಳ ನಡುವೆ, ತಂಪುಮಾಡುವ ನೀರಿನಲ್ಲಿ ಇರುವಂತಹವು; ಪ್ಲಾಸ್ಮಾವನ್ನು ಅವು ಕಾಣುವುದಿಲ್ಲ. ವಲಯ ಬದಲಾದಂತೆ ಷರತ್ತುಗಳೂ ವೆಚ್ಚವೂ ಬದಲಾಗುತ್ತವೆ.

2. ನಿರ್ವಾತದೊಳಗಿನ ಭಾಗಗಳಿಗೆ ಕತ್ತರಿಸುವಾಗ ಬಳಸುವ ಕೂಲಂಟ್ ಕೂಡ ನಿರ್ಬಂಧಕ್ಕೆ ಒಳಪಟ್ಟಿದೆ. ಗಂಧಕ, ರಂಜಕ, ಕ್ಲೋರಿನ್ ಮುಂತಾದವು ಇಲ್ಲದ, ನೀರಿನಲ್ಲಿ ಕರಗುವ ದ್ರವಗಳನ್ನೇ ಬಳಸಬೇಕೆಂಬುದು ಇಟರ್‌ನ ನಿರ್ವಾತ ಕೈಪಿಡಿಯ ಧೋರಣೆ. ಸಾಮಾನ್ಯ ಕೆಲಸದ ಯಂತ್ರದಲ್ಲಿಯೇ ಇದನ್ನೂ ಮಾಡುವುದಾದರೆ ತೊಟ್ಟಿಯನ್ನು ಬರಿದುಮಾಡಿ ತೊಳೆಯುವ ಕಾಲ ಮತ್ತು ಕೂಲಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

3. ಲೋಹದ ಪ್ರಮಾಣಪತ್ರದಲ್ಲಿ ಮುಖ್ಯ ಮಿಶ್ರಣಗಳಷ್ಟೇ ಅಲ್ಲದೆ ಅಲ್ಪಾಂಶಗಳನ್ನೂ ನೋಡಬೇಕು. ಇಟರ್‌ನ ನಿರ್ವಾತ ಪಾತ್ರೆಗೆ ಬಳಸಿದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕೋಬಾಲ್ಟ್ ಶೇಕಡ 0.05ನ್ನು ಮೀರುವಂತಿಲ್ಲ. ಇದರ ಕಾರಣ ಪ್ಲಾಸ್ಮಾದ ಕಲ್ಮಶವಲ್ಲ. ನ್ಯೂಟ್ರಾನು ತಾಗಿದ ಕೋಬಾಲ್ಟ್ ದೀರ್ಘಕಾಲ ವಿಕಿರಣಶೀಲವಾಗಿ ಉಳಿಯುವುದು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಉಕ್ಕು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೆಂದು ಭಾವಿಸಿ ದರ ಸೂಚಿಸಬಾರದು.

4. ತೊಳೆಯುವಿಕೆ, ಪ್ಯಾಕಿಂಗ್, ಸೋರಿಕೆ ಪರೀಕ್ಷೆ, ಪ್ರತಿ ತುಂಡಿನ ಮೂಲವನ್ನು ಗುರುತಿಸುವ ದಾಖಲೆ ಇವೆಲ್ಲಕ್ಕೂ ಪ್ರತ್ಯೇಕ ವೆಚ್ಚದ ಶೀರ್ಷಿಕೆಗಳನ್ನು ತೆರೆಯಬೇಕು. ಇವನ್ನು ಸಾಮಾನ್ಯ ಮೇಲುವೆಚ್ಚದಲ್ಲಿ ಸೇರಿಸಿದರೆ ಕೆಲಸವು ಲಾಭದ್ದೋ ನಷ್ಟದ್ದೋ ಎಂಬುದು ವರ್ಷಾಂತ್ಯದವರೆಗೂ ತಿಳಿಯುವುದಿಲ್ಲ.

5. ತಪಾಸಣೆಗಾಗಿ ಕೆಲಸವನ್ನು ನಿಲ್ಲಿಸಬೇಕಾದ ಹಂತಗಳನ್ನು ಒಪ್ಪಂದದಲ್ಲಿಯೇ ಗುರುತಿಸಿ, ಆ ಅವಧಿಯಲ್ಲಿ ದಾಸ್ತಾನಿನಲ್ಲಿ ಸಿಲುಕುವ ಬಂಡವಾಳದ ಬಡ್ಡಿಯನ್ನು ದರದಲ್ಲಿ ಸೇರಿಸಬೇಕು.

ಇನ್ನು ಹೂಡಿಕೆಯ ದೃಷ್ಟಿಯಿಂದ ಒಂದು ಮಾತು. ಸಮ್ಮಿಲನ ಶಕ್ತಿಯ ಹೆಸರಿನಲ್ಲಿ ಬಂಡವಾಳ ಕೋರುವ ಖಾಸಗಿ ಸಂಸ್ಥೆಗಳು ವಿದೇಶಗಳಲ್ಲಿ ಹಲವು ಹುಟ್ಟಿಕೊಂಡಿವೆ. ಅಂತಹವರ ವಿವರಣ ಪತ್ರಿಕೆಯಲ್ಲಿ ಶಾಖದ ಡಿಗ್ರಿಗಳನ್ನು ಮಾತ್ರ ನೋಡದೆ, ಗೋಡೆಯ ವಸ್ತು ಯಾವುದು, ಅದರ ಸವೆತ ಎಷ್ಟು, ಕಲ್ಮಶದ ಪ್ರಮಾಣವನ್ನು ಎಷ್ಟು ಹೊತ್ತು ಹತೋಟಿಯಲ್ಲಿ ಇಡಲಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ವಿವೇಕ. ಕ್ಷಣಕಾಲದ ದಾಖಲೆಗೂ ವರ್ಷವಿಡೀ ನಡೆಯುವ ಕಾರ್ಖಾನೆಗೂ ಇರುವ ಅಂತರವು ಈ ಮೂರು ಉತ್ತರಗಳಲ್ಲಿ ಗೋಚರಿಸುತ್ತದೆ.

ಉಪಸಂಹಾರ

ಲೋಹವಿಲ್ಲದೆ ಯಂತ್ರವಿಲ್ಲ, ಆ ಲೋಹವೇ ಪ್ಲಾಸ್ಮಾಕ್ಕೆ ಶತ್ರು. ಇವೆರಡರ ನಡುವೆ ಇರುವ ಅಂಚಿನ ಪದರದಲ್ಲಿ ಎದ್ದದ್ದನ್ನು ಹಿಂದಿರುಗಿಸುವ, ಉಳಿದದ್ದನ್ನು ಕೊಚ್ಚಿ ತರುವ, ದಾಟಲು ಬಂದದ್ದನ್ನು ಹೊರತಳ್ಳುವ ವ್ಯವಸ್ಥೆಗಳು ಒಂದರ ಮೇಲೊಂದು ಕೆಲಸ ಮಾಡುತ್ತವೆ. ಯಾವುದೂ ಪರಿಪೂರ್ಣವಲ್ಲ, ಎಲ್ಲವೂ ಸೇರಿದಾಗ ಮಾತ್ರ ಶಿಲ್ಕು ಮಿತಿಯೊಳಗೆ ಉಳಿಯುತ್ತದೆ. ತಯಾರಕನ ಕಾರ್ಯಾಗಾರದಲ್ಲಿ ಆರಂಭವಾಗುವ ಶುಚಿತ್ವವು ಈ ಸರಪಳಿಯ ಮೊದಲ ಕೊಂಡಿ. ನಕ್ಷೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುವ ಶುಚಿತ್ವದ ಷರತ್ತನ್ನು ದರ ಸೂಚಿಸುವ ಮುನ್ನ ಸದಸ್ಯರು ಓದಬೇಕೆಂಬುದೇ ಈ ಲೇಖನದ ಆಶಯ.